ದಿನಾ ‘ಊಟ ಆಯ್ತಾ ಅಂಕಲ್?’ ಎಂದು ಕೇಳುವ ದನಿ

ಮಧ್ಯಾಹ್ನ ಒಂದೂವರೆ ಆಯಿತೆಂದರೆ ದೊಡ್ಡಪ್ಪನ ಫೋನ್ ಹೊಡೆದುಕೊಳ್ಳುತ್ತಿತ್ತು. ಅವರು ಅರ್ಧ ಊಟ ಬಿಟ್ಟು, ಎಡಗೈಯಲ್ಲಿ ಫೋನ್ ಹಿಡಿದು ಜಗಲಿಗೆ ಹೋಗುತ್ತಿದ್ದರು. ಆ ಕಡೆ ಒಂದು ಹುಡುಗಿಯ ದನಿ. ಕನ್ನಡ ಹರಕುಮುರುಕು. ಆದರೆ ಮೊದಲ ಮಾತು ಒಂದು ದಿನವೂ ತಪ್ಪುತ್ತಿರಲಿಲ್ಲ: ‘ಅಂಕಲ್, ಊಟ ಆಯ್ತಾ?’

ದೊಡ್ಡಪ್ಪನಿಗೆ 74 ವರ್ಷ. ಶಿವಮೊಗ್ಗದಲ್ಲಿ ಮನೆ. ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಕಂಟ್ರಾಕ್ಟರ್ ಬಿಲ್ಲಿನಲ್ಲಿ ಹತ್ತು ಮೂಟೆ ಸಿಮೆಂಟ್ ಜಾಸ್ತಿ ಬರೆದಿದ್ದರೂ ಹಿಡಿದು ವಾಪಸ್ ಕಳಿಸುತ್ತಿದ್ದವರು. ಅವರು ಮೂರು ತಿಂಗಳಲ್ಲಿ ಒಂಬತ್ತು ಲಕ್ಷ ರೂಪಾಯಿಯನ್ನು ಮುಖ ನೋಡದ ಜನಕ್ಕೆ ಕಳಿಸಿದ್ದರು. ನಾಲ್ಕು ಸಲ, ಒಂದೊಂದು ಸಲವೂ ತಾವೇ ಬ್ಯಾಂಕಿಗೆ ಹೋಗಿ, ಚಲನ್ ತುಂಬಿ, ಸಹಿ ಹಾಕಿ. ಹದಿನೈದು ಲಕ್ಷದ ಎಫ್‌ಡಿ ಮುರಿಸಲು ಹೊರಟಾಗ ದೊಡ್ಡಮ್ಮ ನನಗೆ ಫೋನ್ ಮಾಡಿದರು. ‘ಯಾಕೋ ನಿಮ್ಮ ದೊಡ್ಡಪ್ಪ ಈಗೀಗ ಏನೂ ಹೇಳೋದೇ ಇಲ್ಲ ಕಣೋ’ ಎಂದರು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

‘ಒಟಿಪಿ ಕೊಡಬೇಡಿ’ ಎಂದು ನಾವು ಮನೆಯ ಹಿರಿಯರಿಗೆ ಸಾವಿರ ಸಲ ಹೇಳಿರುತ್ತೇವೆ. ದೊಡ್ಡಪ್ಪ ಯಾರಿಗೂ ಒಟಿಪಿ ಕೊಡಲಿಲ್ಲ. ಅವರ ಖಾತೆಯನ್ನು ಯಾರೂ ಹ್ಯಾಕ್ ಮಾಡಲಿಲ್ಲ. ಹೂಡಿಕೆಯ ಹೆಸರಿನ ಈ ಮೋಸಕ್ಕೆ ಒಟಿಪಿಯ ಅಗತ್ಯವೇ ಇಲ್ಲ. ಹಣವನ್ನು ಕೊಡುವವರೇ ಖುಷಿಯಿಂದ ಕೊಡುತ್ತಾರೆ. ಹಾಗಾಗಿ ಬ್ಯಾಂಕಿನ ಎಚ್ಚರಿಕೆ ಎಸ್ಎಂಎಸ್‌ಗಳೂ ನಮ್ಮ ಬುದ್ಧಿಮಾತುಗಳೂ ಇಲ್ಲಿ ತಾಗುವುದೇ ಇಲ್ಲ. ಇದು ಹೇಗೆ ನಡೆಯುತ್ತದೆ ಅಂತ ಒಂದು ಸಲ ಪೂರ್ತಿ ನೋಡಿದರೆ, ಎಲ್ಲಿ ತಡೆಯಬಹುದು ಅನ್ನುವುದೂ ಕಾಣುತ್ತದೆ.

ಮೊದಲ ಹದಿನೈದು ದಿನ ಯಾರೂ ಹಣ ಕೇಳಲಿಲ್ಲ. ಇದನ್ನು ನೆನಪಿಡಿ. ಮೊದಲು ಒಂದು ಕರೆ: ‘ಸಾರ್, ಷೇರು ಮಾರ್ಕೆಟ್ ಬಗ್ಗೆ ಉಚಿತ ಕ್ಲಾಸ್ ಇದೆ.’ ದೊಡ್ಡಪ್ಪ ಬೇಡ ಅಂದರು. ಮಾರನೇ ದಿನ ಮತ್ತೆ. ಆಮೇಲೆ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಗುಂಪಿನಲ್ಲಿ ನೂರಿಪ್ಪತ್ತು ಜನ. ‘ಪ್ರೊಫೆಸರ್’ ಅಂತ ಒಬ್ಬರು ಬೆಳಗ್ಗೆ ಪಾಠ ಮಾಡುತ್ತಾರೆ. ಸಂಜೆ ಒಬ್ಬೊಬ್ಬರೇ ‘ಇವತ್ತು 18,000 ಬಂತು, ಥ್ಯಾಂಕ್ಯೂ ಸರ್’ ಎಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಆ ನೂರಿಪ್ಪತ್ತರಲ್ಲಿ ನಿಜವಾದ ಗಿರಾಕಿಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅವರ ಕಡೆಯವರೇ. ಜಾತ್ರೆಯಲ್ಲಿ ಮೂರೆಲೆ ಆಡಿಸುವವನ ಸುತ್ತ ನಿಂತು ‘ನಾನು ಗೆದ್ದೆ, ನಾನು ಗೆದ್ದೆ’ ಅನ್ನುತ್ತಿದ್ದರಲ್ಲ, ಅವರೇ ಈಗ ಫೋನಿನೊಳಗೆ ಬಂದಿದ್ದಾರೆ.

ಆಮೇಲೆ ಒಂದು ಆ್ಯಪ್. ಪ್ಲೇಸ್ಟೋರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅವರೇ ಲಿಂಕ್ ಕಳಿಸುತ್ತಾರೆ. ದೊಡ್ಡ ಕಂಪನಿಯೊಂದರ ಹೆಸರು, ಲೋಗೋ ಎಲ್ಲ ಇರುತ್ತದೆ. ದೊಡ್ಡಪ್ಪ ಪರೀಕ್ಷೆ ಮಾಡೋಣ ಅಂತ 20,000 ಹಾಕಿದರು. ನಾಲ್ಕು ದಿನಕ್ಕೆ ಆ್ಯಪ್‌ನಲ್ಲಿ 23,400 ಆಯಿತು. 3,000 ವಾಪಸ್ ಕೇಳಿದರು. ಹತ್ತು ನಿಮಿಷದಲ್ಲಿ ಖಾತೆಗೆ ಬಂತು. ‘ನೋಡೋ, ಮೋಸ ಆಗಿದ್ದರೆ ದುಡ್ಡು ವಾಪಸ್ ಬರ್ತಿತ್ತಾ?’ ಎಂದು ಆಮೇಲೆ ನನ್ನನ್ನೇ ಕೇಳಿದರು. ಎಂಜಿನಿಯರ್ ಅಲ್ವಾ, ಟೆಸ್ಟ್ ಮಾಡಿ ನೋಡಿದ್ದಾರೆ. ಆದರೆ ಬಂದದ್ದು ಅವರದ್ದೇ 20,000ದಲ್ಲಿ 3,000. ಮೀನಿಗೆ ಹಾಕುವ ಹುಳ ಅದು.

ಆ ಆ್ಯಪ್‌ನಲ್ಲಿ ಕಾಣುತ್ತಿದ್ದ ಲಾಭಕ್ಕೂ ಷೇರುಪೇಟೆಗೂ ಯಾವ ಸಂಬಂಧವೂ ಇಲ್ಲ. ಅದು ಬರೀ ಪರದೆಯ ಮೇಲಿನ ಅಂಕಿ. ಆ ಕಡೆ ಕೂತವನು 5 ಲಕ್ಷ ಅಂತ ಟೈಪ್ ಮಾಡಿದರೆ 5 ಲಕ್ಷ ಕಾಣುತ್ತದೆ, 50 ಲಕ್ಷ ಅಂದರೆ 50 ಲಕ್ಷ.

ಸುಳ್ಳು ಎಲ್ಲೆಲ್ಲಿ ಸಿಕ್ಕಿಬೀಳುತ್ತದೆ

ಐಪಿಒ, ಅಂದರೆ ಕಂಪನಿಯೊಂದು ಮೊದಲ ಸಲ ಜನರಿಗೆ ಷೇರು ಮಾರುವ ವಿಚಾರವನ್ನೇ ತೆಗೆದುಕೊಳ್ಳಿ. ದೊಡ್ಡಪ್ಪನಿಗೆ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲೇ. ‘ಅಂಕಲ್, ನಿಮಗೆ ಲಕ್ ಇದೆ. 50 ಷೇರಿಗೆ ಹಾಕಿದ್ರಿ, 3,000 ಷೇರು ಅಲಾಟ್ ಆಗಿದೆ. ಬಾಕಿ ದುಡ್ಡು ನಾಳೆಯೊಳಗೆ ಕಟ್ಟದಿದ್ರೆ ಹಾಕಿದ್ದೂ ಹೋಗುತ್ತೆ, ಸಿಬಿಲ್ ಸ್ಕೋರೂ ಹಾಳಾಗುತ್ತೆ’ ಎಂದಳು ಹುಡುಗಿ. ಸಿಬಿಲ್ ಸ್ಕೋರ್ ಅಂದರೆ ಸಾಲ ತೀರಿಸುವುದರಲ್ಲಿ ನಮಗಿರುವ ಹೆಸರಿನ ಅಂಕ. ಸಾಲವನ್ನೇ ಮಾಡದ ಮನುಷ್ಯ ‘ಹೆಸರು ಹಾಳಾಗುತ್ತೆ’ ಅಂದ ಕೂಡಲೇ ಹೆದರಿ ನಾಲ್ಕು ಲಕ್ಷ ಕಟ್ಟಿಬಿಟ್ಟರು.

ನಿಜವಾದ ಐಪಿಒದಲ್ಲಿ ಹೀಗಾಗಲು ಸಾಧ್ಯವೇ ಇಲ್ಲ. 2016ರ ಜನವರಿಯಿಂದ ನಮ್ಮ ದೇಶದಲ್ಲಿ ಐಪಿಒಗೆ ಅರ್ಜಿ ಹಾಕುವುದು ‘ಅಸ್ಬಾ’ ಅನ್ನುವ ವ್ಯವಸ್ಥೆಯ ಮೂಲಕವೇ. ಅಂದರೆ ಅರ್ಜಿ ಹಾಕಿದಾಗ ಹಣ ಎಲ್ಲಿಗೂ ಹೋಗುವುದಿಲ್ಲ. ನಿಮ್ಮದೇ ಬ್ಯಾಂಕ್ ಖಾತೆಯಲ್ಲಿ ಅಷ್ಟು ಮೊತ್ತಕ್ಕೆ ಬೀಗ ಬೀಳುತ್ತದೆ. ಷೇರು ಸಿಕ್ಕರೆ ಅಷ್ಟು ಹೋಗುತ್ತದೆ, ಸಿಗದಿದ್ದರೆ ಬೀಗ ತೆಗೆಯುತ್ತಾರೆ. ನೀವು ಕೇಳಿದ್ದಕ್ಕಿಂತ ಒಂದು ಷೇರೂ ಜಾಸ್ತಿ ಕೊಡುವುದಿಲ್ಲ. ಬೇಡಿಕೆ ಜಾಸ್ತಿ ಇರುವ ಐಪಿಒಗಳಲ್ಲಿ ಸಣ್ಣ ಹೂಡಿಕೆದಾರರಿಗೆ ಲಾಟರಿ ಎತ್ತಿ, ಸಿಕ್ಕವರಿಗೆ ಒಂದೇ ಒಂದು ಲಾಟ್, ಅಂದರೆ ಷೇರುಗಳ ಒಂದು ಕನಿಷ್ಠ ಕಟ್ಟು, ಕೊಡುತ್ತಾರೆ. ಹೀಗಿರುವಾಗ ‘ಐಪಿಒಗೆ ಈ ಅಕೌಂಟಿಗೆ ದುಡ್ಡು ಹಾಕಿ’ ಎಂದು ಯಾರೇ ಹೇಳಲಿ, ಅದು ಮೋಸ. ಇದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ವೆಬ್‌ಸೈಟ್ ತೆರೆದು ನೋಡಬೇಕಾದ್ದೂ ಇಲ್ಲ.

‘ನಮ್ಮದು ವಿದೇಶಿ ಸಂಸ್ಥೆಯ ಕೋಟಾ ಅಂಕಲ್, ಡಿಮ್ಯಾಟ್ ಬೇಡ’ ಅನ್ನುವುದು ಇನ್ನೊಂದು ಕಥೆ. ಡಿಮ್ಯಾಟ್ ಅಂದರೆ ನಮ್ಮ ಷೇರುಗಳನ್ನು ಇಡುವ ಖಾತೆ. ವಿದೇಶಿ ಹೂಡಿಕೆದಾರರ ಆ ದಾರಿ ಇಲ್ಲಿ ವಾಸವಾಗಿರುವ ಭಾರತೀಯರಿಗೆ ತೆರೆದೇ ಇಲ್ಲ ಎಂದು ಸೆಬಿ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಷೇರು ನಿಜವಾಗಿ ನಿಮ್ಮದಾಗಿದ್ದರೆ ಅದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಅನ್ನುವ ಎರಡು ಸಂಸ್ಥೆಗಳಲ್ಲಿ ಒಂದರ ಲೆಕ್ಕದಲ್ಲಿ ಇರಲೇಬೇಕು. ಅವರೇ ನೇರವಾಗಿ ನಿಮಗೆ ಸ್ಟೇಟ್‌ಮೆಂಟ್ ಕಳಿಸುತ್ತಾರೆ. ಆ್ಯಪ್‌ನಲ್ಲಿ 40 ಲಕ್ಷದ ಷೇರು, ಆ ಸ್ಟೇಟ್‌ಮೆಂಟ್‌ನಲ್ಲಿ ಸೊನ್ನೆ ಎಂದಾದರೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಬರುವುದು ತೆರಿಗೆ. ಲಾಭದ ದುಡ್ಡು ವಾಪಸ್ ಕೇಳಿದಾಗ, ‘ಮೊದಲು ಶೇ 20 ಟ್ಯಾಕ್ಸ್ ಕಟ್ಟಿ, ಆಮೇಲೆ ಬಿಡುಗಡೆ’ ಅನ್ನುತ್ತಾರೆ. ಷೇರಿನ ಲಾಭಕ್ಕೆ ತೆರಿಗೆ ಇರುವುದು ನಿಜ. ಒಂದು ವರ್ಷದೊಳಗೆ ಮಾರಿದರೆ ಶೇ 20 ಅನ್ನುವುದೂ 2024ರ ಜುಲೈನಿಂದ ನಿಜವೇ. ಒಳ್ಳೆಯ ಸುಳ್ಳಿಗೆ ಇಷ್ಟು ಸತ್ಯ ಬೆರೆಸಿರಲೇಬೇಕು. ಆದರೆ ಆ ತೆರಿಗೆಯನ್ನು ನಾವು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ನಮ್ಮ ರಿಟರ್ನ್ಸ್ ಲೆಕ್ಕದಲ್ಲಿ. ಲಾಭ ಬಿಡುಗಡೆ ಮಾಡಲು ಬ್ರೋಕರ್ ಮುಂಗಡವಾಗಿ ಇಸಿದುಕೊಳ್ಳುವುದಿಲ್ಲ. ನಮ್ಮ ದುಡ್ಡು ನಮಗೆ ಬರಲು ನಾವೇ ಮತ್ತೆ ದುಡ್ಡು ಕಟ್ಟಬೇಕು ಅಂದ ಕ್ಷಣವೇ ಆಟ ಮುಗಿದಿದೆ ಎಂದು ತಿಳಿಯಬೇಕು.

ಆ ದನಿ ಎಲ್ಲಿಂದ ಬರುತ್ತದೆ

ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಗಡಿಯಲ್ಲಿ ದೊಡ್ಡ ದೊಡ್ಡ ಗೋಡೆಗಳ ಒಳಗೆ ಇದಕ್ಕೆಂದೇ ಕಟ್ಟಿದ ಕಟ್ಟಡಗಳಿವೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಬಲವಂತವಾಗಿ ಈ ಕೆಲಸಕ್ಕೆ ಹಚ್ಚಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. ಡೇಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ ಎಂದು ಕರೆಸಿಕೊಂಡು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುತ್ತಾರೆ. ನಮ್ಮ ದೇಶದ ಹುಡುಗ ಹುಡುಗಿಯರೂ ಅಲ್ಲಿ ಸಿಕ್ಕಿಬಿದ್ದಿದ್ದಾರೆ. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ಗಡಿಯಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ನಮ್ಮ ದೇಶದ ಒಳಗಿಂದಲೇ ನಡೆಯುವ ಕಾಲ್ ಸೆಂಟರ್‌ಗಳೂ ಬೇಕಾದಷ್ಟಿವೆ.

ಹಣ ಹೋಗುವುದು ಮಾತ್ರ ನಮ್ಮ ದೇಶದ ಬ್ಯಾಂಕ್ ಖಾತೆಗಳಿಗೇ. ಇವನ್ನು ‘ಮ್ಯೂಲ್ ಖಾತೆ’ ಅನ್ನುತ್ತಾರೆ. ಸುಮ್ನೆ ಬಾಡಿಗೆ ಖಾತೆ ಅಂದುಕೊಳ್ಳಿ. ಯಾವನೋ ವಿದ್ಯಾರ್ಥಿ, ಸಣ್ಣ ಅಂಗಡಿಯವನು ನಾಲ್ಕು ಕಾಸಿನ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲ ಕೊಟ್ಟುಬಿಟ್ಟಿರುತ್ತಾನೆ. ಹಣ ಒಂದು ಖಾತೆಗೆ ಬಿದ್ದ ನಿಮಿಷಗಳಲ್ಲೇ ಹತ್ತಕ್ಕೆ, ಹತ್ತರಿಂದ ಐವತ್ತಕ್ಕೆ ಒಡೆದು ಹೋಗುತ್ತದೆ. ಕೊನೆಗೆ ಎಟಿಎಂನಿಂದ ನಗದಾಗುತ್ತದೆ, ಇಲ್ಲವೇ ಕ್ರಿಪ್ಟೊ ಆಗಿ ದೇಶ ದಾಟುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ವ್ಯವಸ್ಥೆಗಳಾದ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತವೆ. ಹಣ ರಾತ್ರಿ ಹನ್ನೆರಡಕ್ಕೂ ಹೋಗುತ್ತದೆ. ಮ್ಯಾನೇಜರ್ ಮುಂದೆ ಕೂತು ಹೇಳಿಕೊಳ್ಳಲು ಬೆಳಗ್ಗೆ ಹತ್ತಾಗಬೇಕು.

ಆದರೆ ಈ ಬಾಡಿಗೆ ಖಾತೆಗಳೇ ಅವರ ದೊಡ್ಡ ದೌರ್ಬಲ್ಯ ಕೂಡ. ದೊಡ್ಡಪ್ಪನ ಕಣ್ಣು ತೆರೆಸಿದ್ದೂ ಅದೇ.

ಜಗಳದಿಂದ ಏನಾಯಿತು, ಡೈರಿಯಿಂದ ಏನಾಯಿತು

ದೊಡ್ಡಮ್ಮ ಫೋನ್ ಮಾಡಿದ ದಿನವೇ ಅವರ ಮಗ, ಅಂದರೆ ನನ್ನ ಅಣ್ಣ, ಅಮೆರಿಕದಿಂದ ವಿಡಿಯೊ ಕಾಲ್ ಮಾಡಿ ಕೂಗಾಡಿದ. ‘ಅಪ್ಪಾ, ಇಷ್ಟು ಓದಿ ನಿಂಗೆ ಬುದ್ಧಿ ಬೇಡ್ವಾ? ಫೋನ್ ಕೊಡು ಅಮ್ಮನ ಕೈಗೆ!’ ದೊಡ್ಡಪ್ಪ ಕರೆ ಕಟ್ ಮಾಡಿದರು. ಸಂಜೆ ಆ ಹುಡುಗಿಗೆ ಇದನ್ನೆಲ್ಲ ಹೇಳಿಕೊಂಡರಂತೆ. ಅವಳು, ‘ಅಂಕಲ್, ಮಕ್ಕಳಿಗೆ ನೀವು ದುಡ್ಡು ಮಾಡೋದು ಇಷ್ಟ ಇರಲ್ಲ. ಲಾಭ ಬಂದ ಮೇಲೆ ಒಟ್ಟಿಗೆ ತೋರಿಸಿ, ಸರ್ಪ್ರೈಸ್ ಕೊಡೋಣ’ ಅಂದಳು. ಅಣ್ಣ ಕೂಗಿದ್ದರಿಂದ ಆದದ್ದು ಇಷ್ಟೇ: ದೊಡ್ಡಪ್ಪ ಇನ್ನೊಂದು ಹೆಜ್ಜೆ ಅವರ ಕಡೆ ಹೋದರು.

ಮನೆಯವರಿಂದ ದೂರ ಮಾಡುವುದು ಈ ಮೋಸದ ಅರ್ಧ ಕೆಲಸ. ‘ಯಾರಿಗೂ ಹೇಳಬೇಡಿ’ ಅಂತ ಅವರು ಹೇಳಿಕೊಡುತ್ತಾರೆ. ನಾವು ‘ದಡ್ಡ’ ಅಂದರೆ ಆ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಅವಳು ದಿನಾ ಫೋನ್ ಮಾಡುತ್ತಿದ್ದಳು. ಮೊಣಕಾಲು ನೋವು ಹೇಗಿದೆ ಅಂತ ಕೇಳುತ್ತಿದ್ದಳು. ಅಣ್ಣ ಭಾನುವಾರ ಮಾತ್ರ ಮಾಡುತ್ತಿದ್ದ. ನಾನು ಹಬ್ಬಕ್ಕೆ ಮಾತ್ರ. ಇದನ್ನು ಬರೆಯಲು ನನಗೇನೂ ಹೆಮ್ಮೆ ಇಲ್ಲ.

ಮಾರನೇ ದಿನ ನಾನು ಬೆಂಗಳೂರಿನಿಂದ ರೈಲು ಹತ್ತಿ ಹೋದೆ. ಮೋಸದ ಮಾತೇ ಎತ್ತಲಿಲ್ಲ. ಊಟ ಆದ ಮೇಲೆ, ‘ದೊಡ್ಡಪ್ಪ, ನಂಗೂ ಷೇರಿನ ಬಗ್ಗೆ ಸ್ವಲ್ಪ ಹೇಳಿಕೊಡಿ, ಹೇಗೆ ಮಾಡ್ತಿದ್ದೀರಿ’ ಎಂದೆ. ಮುಖ ಅರಳಿತು. ಡೈರಿ ತಂದರು. ಹಳೇ ಸರ್ಕಾರಿ ಅಭ್ಯಾಸ, ಪ್ರತಿ ಪಾವತಿಯೂ ದಿನಾಂಕ, ಮೊತ್ತ, ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಖಾತೆಯ ಹೆಸರು ಸಮೇತ ನೀಲಿ ಇಂಕಿನಲ್ಲಿ ಮುತ್ತು ಪೋಣಿಸಿದ ಹಾಗೆ ಇತ್ತು. ಮೊದಲನೆಯದು ಗುಜರಾತಿನ ಯಾವುದೋ ಟೆಕ್ಸ್‌ಟೈಲ್ ಅಂಗಡಿ. ಎರಡನೆಯದು ಒಬ್ಬ ವ್ಯಕ್ತಿಯ ಹೆಸರು. ಮೂರನೆಯದು ಒಂದು ‘ಎಂಟರ್‌ಪ್ರೈಸಸ್’. ನಾಲ್ಕನೆಯದು ತರಕಾರಿ ಸಗಟು ವ್ಯಾಪಾರದ ಒಂದು ಅಂಗಡಿ.

ನಾನು ಕೇಳಿದ್ದು ಒಂದೇ. ‘ದೊಡ್ಡಪ್ಪ, ನೀವು ಕೆಲಸದಲ್ಲಿದ್ದಾಗ ಬಿಲ್ ಒಬ್ಬ ಕಂಟ್ರಾಕ್ಟರ್ ಹೆಸರಲ್ಲಿ ಬಂದು, ಚೆಕ್ ಮಾತ್ರ ಪ್ರತಿ ಸಲ ಬೇರೆ ಬೇರೆಯವರ ಹೆಸರಿಗೆ ಕೊಡಿ ಅಂದಿದ್ರೆ ಪಾಸ್ ಮಾಡ್ತಿದ್ರಾ?’

ಅವರು ಡೈರಿಯನ್ನೇ ನೋಡುತ್ತಾ ಕೂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ‘ತರಕಾರಿ ಮಂಡಿಯವನಿಗೆ ಷೇರಿನ ದುಡ್ಡು ಯಾಕೆ ಹೋಗ್ಬೇಕು’ ಎಂದು ತಮಗೆ ತಾವೇ ಅಂದುಕೊಂಡ ಹಾಗೆ ಹೇಳಿದರು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಒಂದೂವರೆ. ಅವರು ಎತ್ತಲಿಲ್ಲ.

ಎಲ್ಲರ ಮನೆಯಲ್ಲೂ ಇಷ್ಟು ಬೇಗ ಆಗುವುದಿಲ್ಲ. ಆದರೆ ದಾರಿ ಇದೇ ಅಂತ ನನ್ನ ಅನಿಸಿಕೆ. ಅವರಿಗೆ ಗೊತ್ತಿಲ್ಲದ ಸೈಬರ್ ವಿಷಯ ಹೇಳಿ ಗೆಲ್ಲಲು ಹೋಗಬೇಡಿ. ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸದ ಒಳಗಿಂದ ಒಂದು ಪ್ರಶ್ನೆ ಕೇಳಿ. ಮೇಷ್ಟ್ರಾಗಿದ್ದವರಿಗೆ ಒಂದು ಥರ, ಅಂಗಡಿ ನಡೆಸಿದವರಿಗೆ ಇನ್ನೊಂದು ಥರ, ಮನೆ ಲೆಕ್ಕ ನೋಡಿಕೊಂಡ ಅಜ್ಜಿಗೆ ಚೀಟಿ ವ್ಯವಹಾರದ ಭಾಷೆ. ಖಾತೆಯ ಹೆಸರನ್ನು ಈಗ ಸುಲಭವಾಗಿಯೂ ನೋಡಬಹುದು. ನೆಫ್ಟ್, ಆರ್‌ಟಿಜಿಎಸ್ ಮಾಡುವ ಮೊದಲೇ ಹಣ ಪಡೆಯುವವರ ಹೆಸರು ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನೊಳಗೆ ಎಲ್ಲ ಬ್ಯಾಂಕುಗಳಿಗೂ ಹೇಳಿತ್ತು. ಸೆಬಿಯೂ 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್, ಮ್ಯೂಚುವಲ್ ಫಂಡ್‌ಗಳಿಗೆ ‘ವ್ಯಾಲಿಡ್’ ಅನ್ನುವ ಪದ ಸೇರಿದ ಬೇರೆಯೇ ಯುಪಿಐ ಐಡಿ ಕೊಡಿಸಿದೆ. ‘ಸೆಬಿ ಚೆಕ್’ ಅನ್ನುವ ಸೌಲಭ್ಯದಲ್ಲಿ ಯುಪಿಐ ಐಡಿ ಅಥವಾ ಖಾತೆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಹಳೇ ಪಾಲಿಸಿಯ ಬೋನಸ್

ಷೇರಿನ ತಂಟೆಗೇ ಹೋಗದ ಹಿರಿಯರಿಗೆ ಬೇರೆ ಗಾಳವಿದೆ. ‘ನಿಮ್ಮ 2009ರ ವಿಮಾ ಪಾಲಿಸಿಯ ಬೋನಸ್ 3 ಲಕ್ಷ ಹಾಗೇ ಉಳಿದಿದೆ, ಬಿಡುಗಡೆ ಮಾಡಲು ಇನ್ನೊಂದು ಪಾಲಿಸಿ ತಗೊಳ್ಳಿ’, ‘ಜಿಎಸ್‌ಟಿ ಕಟ್ಟಿ’, ‘ಫೈಲ್ ಚಾರ್ಜ್ ಕಟ್ಟಿ’. ವಿಮಾ ನಿಯಂತ್ರಣ ಪ್ರಾಧಿಕಾರದಿಂದ ಮಾತಾಡುತ್ತಿದ್ದೇವೆ ಅನ್ನುತ್ತಾರೆ. ಆ ಪ್ರಾಧಿಕಾರ ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಘೋಷಿಸುವುದೂ ಇಲ್ಲ. ಇದನ್ನು ಅದೇ ಮತ್ತೆ ಮತ್ತೆ ಹೇಳಿದೆ. ಈ ಕರೆಗಳಲ್ಲಿ ಭಯ ಹುಟ್ಟಿಸುವುದು ಅವರಿಗೆ ನಿಮ್ಮ ಪಾಲಿಸಿ ನಂಬರ್, ಹುಟ್ಟಿದ ದಿನ, ನಾಮಿನಿ ಹೆಸರು ಎಲ್ಲ ಗೊತ್ತಿರುವುದು. ‘ಅಷ್ಟೆಲ್ಲ ಗೊತ್ತಿದೆ ಅಂದ್ಮೇಲೆ ನಿಜದವರೇ ಇರಬೇಕು’ ಅನಿಸುತ್ತದೆ. ಆದರೆ ಇಂಥ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ.

ಒಮ್ಮೆ ಹಣ ಕೊಟ್ಟವರ ಪಟ್ಟಿಗೆ ಇನ್ನೂ ಜಾಸ್ತಿ ಬೆಲೆ. ಒಂದೆರಡು ತಿಂಗಳು ಕಳೆದ ಮೇಲೆ ಹೊಸ ದನಿ ಬರುತ್ತದೆ: ‘ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ.’ ಕಳೆದುಕೊಂಡದ್ದನ್ನು ವಾಪಸ್ ಕೊಡಿಸುತ್ತೇನೆ ಅನ್ನುವ ಈ ಎರಡನೇ ಮೋಸಕ್ಕೆ ಬೀಳುವವರು ಕಡಿಮೆ ಇಲ್ಲ. ಮೊದಲ ಸಲ ಮಕ್ಕಳಿಗೆ ಹೇಳದೆ ಮುಚ್ಚಿಟ್ಟವರಿಗೆ, ಗುಟ್ಟಾಗಿ ಹಣ ವಾಪಸ್ ಬಂದರೆ ಎಷ್ಟು ಚೆನ್ನ ಅಲ್ವಾ! ಪೊಲೀಸರಾಗಲಿ, ಕೋರ್ಟ್ ಆಗಲಿ ಹಣ ವಾಪಸ್ ಕೊಡಿಸಲು ಫೋನ್ ಮಾಡಿ ಶುಲ್ಕ ಕೇಳುವುದಿಲ್ಲ.

ಫೋನ್ ಕಿತ್ತುಕೊಳ್ಳಬೇಡಿ, ದುಡ್ಡಿಗೆ ವೇಗ ಕಡಿಮೆ ಮಾಡಿ

ಸ್ಮಾರ್ಟ್‌ಫೋನ್ ತೆಗೆದು ಬಟನ್ ಫೋನ್ ಕೊಡೋಣ ಅಂತ ಅಣ್ಣ ಹೇಳಿದ. ನಾನು ಬೇಡ ಅಂದೆ. ಮೊಮ್ಮಗಳ ಮುಖ ಕಾಣುವುದೂ ಅದರಲ್ಲೇ. ಇನ್ನು ನಂಬರ್ ಬ್ಲಾಕ್ ಮಾಡುವುದು: ಬೇಕಾದರೆ ಮಾಡಿ, ಆದರೆ ಅವರ ಹತ್ತಿರ ಸಾವಿರ ನಂಬರ್ ಇರುತ್ತವೆ. ಒಂದು ವಾರದಲ್ಲಿ ನಾನು ಹದಿನೇಳು ಬ್ಲಾಕ್ ಮಾಡಿ ಸುಸ್ತಾದೆ.

ಫೋನ್‌ನಲ್ಲಿ ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದವು ಕೆಲವೇ. ವಾಟ್ಸಾಪ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ, ಗೊತ್ತಿರುವವರು ಮಾತ್ರ ಗುಂಪಿಗೆ ಸೇರಿಸಬಹುದು ಎಂದು ಬದಲಾಯಿಸಿದೆ. ಅಲ್ಲೇ ಅಪರಿಚಿತರ ಕರೆ ಸದ್ದು ಮಾಡದ ಹಾಗೆಯೂ ಮಾಡಬಹುದು. 1909ಕ್ಕೆ ಹೇಳಿ ಡಿಎನ್‌ಡಿ, ಅಂದರೆ ಜಾಹೀರಾತಿನ ಕರೆ ಬೇಡ ಅನ್ನುವ ನೋಂದಣಿ, ಹಾಕಿಸಿದೆ. ಮೋಸಗಾರರು ಅದನ್ನೇನೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಸಾಲ, ಕ್ರೆಡಿಟ್ ಕಾರ್ಡ್ ಅಂತ ಬರುವ ಕರೆಗಳು ಕಮ್ಮಿಯಾದರೆ ಉಳಿದವು ಎದ್ದು ಕಾಣುತ್ತವೆ. ಬ್ಯಾಂಕು, ವಿಮೆಯಂಥ ಹಣಕಾಸು ಸಂಸ್ಥೆಗಳ ವ್ಯವಹಾರದ ಕರೆಗಳಿಗೆಂದೇ 1600ರಿಂದ ಶುರುವಾಗುವ ನಂಬರ್ ಸರಣಿ ಇದೆ. ‘ಬ್ಯಾಂಕಿನಿಂದ’ ಅಂತ ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರ್‌ನಿಂದ ಬಂದರೆ ಅನುಮಾನ ಪಡಲು ಅಷ್ಟು ಸಾಕು. ಹಣ ಹೋಗಿಲ್ಲ, ಬರೀ ಕರೆ ಬಂದಿದೆ ಅಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ಆ ನಂಬರ್ ವರದಿ ಮಾಡಬಹುದು. ಪರದೆ ಹಂಚಿಕೊಳ್ಳುವ ಆ್ಯಪ್ ಏನಾದರೂ ಇದ್ದರೆ ಮಾತ್ರ ಆ ಕ್ಷಣವೇ ತೆಗೆದುಹಾಕಿ.

ನಿಜವಾದ ಕೆಲಸ ಇರುವುದು ಬ್ಯಾಂಕಿನಲ್ಲಿ. ನಾವು ಮೂವರೂ ಕೂತು ಮಾತಾಡಿ, ದೊಡ್ಡಪ್ಪ ಒಪ್ಪಿದ ಮೇಲೆ ಹೀಗೆ ಮಾಡಿದೆವು. ಪಿಂಚಣಿ ಬರುವ ಖಾತೆ ಅವರದ್ದೇ, ಯಾರೂ ಕೈ ಹಾಕುವುದಿಲ್ಲ. ಅದರಲ್ಲಿ ಯುಪಿಐ ಮಿತಿ, ನೆಟ್‌ಬ್ಯಾಂಕಿಂಗ್ ಮಿತಿ ದಿನಕ್ಕೆ ಹತ್ತು ಸಾವಿರ. ದೊಡ್ಡ ಮೊತ್ತ ಎಲ್ಲ ಬೇರೆ ಖಾತೆಗೆ, ಅದಕ್ಕೆ ದೊಡ್ಡಪ್ಪ ದೊಡ್ಡಮ್ಮ ಇಬ್ಬರ ಸಹಿಯೂ ಬೇಕು. ಸಾಮಾನ್ಯವಾಗಿ ಜಂಟಿ ಖಾತೆ ತೆರೆಯುವಾಗ ‘ಇಬ್ಬರಲ್ಲಿ ಯಾರಾದರೂ’ ಅಂತ ಬರೆಸಿಬಿಡುತ್ತೇವೆ. ಅದರಲ್ಲಿ ತಡೆಯೇ ಇಲ್ಲ, ಒಬ್ಬರೇ ಹೋಗಿ ಎಲ್ಲ ತೆಗೆಯಬಹುದು. ‘ಇಬ್ಬರೂ ಸೇರಿ’ ಅಂತ ಬರೆಸಬೇಕು. ಒಬ್ಬರು ಆಸ್ಪತ್ರೆ ಸೇರಿದರೆ ತೊಂದರೆ ಆಗುತ್ತದೆ ಅನ್ನುವುದು ನಿಜ, ಅದಕ್ಕೇ ಒಂದೆರಡು ಲಕ್ಷ ಮಾಮೂಲಿ ಖಾತೆಯಲ್ಲಿ ಇಟ್ಟೆವು. ಶಾಖೆಯ ಮ್ಯಾನೇಜರ್ ಹತ್ತಿರ ದೊಡ್ಡಪ್ಪನೇ ಹೇಳಿದರು: ‘ನಾನು ಎಫ್‌ಡಿ ಮುರಿಸೋಕೆ ಬಂದ್ರೆ ನನ್ನ ತಮ್ಮನ ಮಗನಿಗೆ ಒಂದು ಫೋನ್ ಮಾಡಿ ಸಾರ್.’ ಇದು ಕಾನೂನಿನ ಮಾತಲ್ಲ, ಮುಖ ಪರಿಚಯದ ಮಾತು. ಸಣ್ಣ ಊರಿನಲ್ಲಿ ಅದಕ್ಕೆ ಇನ್ನೂ ತೂಕ ಇದೆ.

ಮನೆಯೊಳಗೆ ಒಂದು ಕಟ್ಟಳೆಯನ್ನೂ ಮಾಡಿಕೊಂಡೆವು. 25,000 ಮೀರಿದ ಯಾವುದೇ ಹೊಸ ಪಾವತಿಗೆ ಒಂದು ರಾತ್ರಿ ಕಳೆಯಬೇಕು. ನನಗೂ ಇದೇ ಕಟ್ಟಳೆ, ಅಣ್ಣನಿಗೂ ಇದೇ. ದೊಡ್ಡಪ್ಪನಿಗೆ ಮಾತ್ರ ಹಾಕಿದ್ದರೆ ಅದು ಶಿಕ್ಷೆ ಅನಿಸುತ್ತಿತ್ತು. ಮೋಸಗಾರರಿಗೆ ಯಾವತ್ತೂ ‘ಇವತ್ತೇ’, ‘ಐದು ಗಂಟೆಯೊಳಗೆ’ ಆಗಬೇಕು. ಒಂದು ರಾತ್ರಿ ಕಾಯುತ್ತೇನೆ ಅಂದರೆ ಅವರ ದನಿಯೇ ಬದಲಾಗುತ್ತದೆ.

ದುಡ್ಡು ಸುಮ್ನೆ ಕೂತಿದೆ ಅನ್ನುವ ಕೊರಗೂ ಈ ಬಲೆಗೆ ಒಂದು ಕಾರಣ. ‘ಎಫ್‌ಡಿ ಬಡ್ಡಿ ಔಷಧಿಗೇ ಆಗೋಯ್ತು’ ಅನ್ನುತ್ತಿದ್ದರು ದೊಡ್ಡಪ್ಪ. ಅವರು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿರಲೇ ಇಲ್ಲ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುವ ಇದಕ್ಕೆ 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2 ಆಯಿತು. ಒಬ್ಬರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಅಂದರೆ ಸರ್ಕಾರವೇ ಹೊಣೆ ಹೊತ್ತ ಯೋಜನೆಯಲ್ಲಿ ಲಕ್ಷಕ್ಕೆ ವರ್ಷವಿಡೀ ಕೂತರೆ 8,200. ‘ತಿಂಗಳಿಗೆ ಶೇ 15’ ಅನ್ನುವವನ ಲೆಕ್ಕವನ್ನು ಇದರ ಪಕ್ಕ ಬರೆದು ತೋರಿಸಿ.

ದುಡ್ಡು ಹೋಗಿಬಿಟ್ಟಿದ್ದರೆ

1930. ಈ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಬೈಯುವುದು, ಅಳುವುದು ಎಲ್ಲ ಆಮೇಲೆ. ಸೈಬರ್ ವಂಚನೆಯ ಈ ಸಹಾಯವಾಣಿಗೆ ಹೇಳಿದ ಕೂಡಲೇ ದೂರು ಹಣ ಹೋದ ಬ್ಯಾಂಕಿಗೆ ಆನ್‌ಲೈನ್‌ನಲ್ಲೇ ತಲುಪುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ಹೋಗಿದ್ದರೆ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಹಣ ಓಡುತ್ತಿದೆ, ದೂರು ಹಿಂದೆ ಓಡುತ್ತಿದೆ, ಅಷ್ಟೇ. ಅದಕ್ಕೇ ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ.

ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದದ್ದು: ಹಣ ಹೋದ ದಿನ, ಹೊತ್ತು, ಮೊತ್ತ, ಯುಟಿಆರ್ ನಂಬರ್, ನಿಮ್ಮ ಖಾತೆ, ಅವರ ಖಾತೆ. ದೊಡ್ಡಪ್ಪನ ಡೈರಿ ಇಲ್ಲಿ ಚಿನ್ನವಾಯಿತು. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಪೂರ್ತಿ ದೂರು, ನಿಮ್ಮ ಬ್ಯಾಂಕಿಗೆ ಲಿಖಿತವಾಗಿ ಒಂದು, ಹತ್ತಿರದ ಪೊಲೀಸ್ ಠಾಣೆಗೆ ಒಂದು. ಕರ್ನಾಟಕದಲ್ಲಿ ಸೈಬರ್ ಪ್ರಕರಣಗಳಿಗೆ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿವೆ. ನಾಚಿಕೆಗೆ ವಾಟ್ಸಾಪ್ ಚಾಟ್ ಅಳಿಸಿಹಾಕಬೇಡಿ, ಆ ನಕಲಿ ಹೂಡಿಕೆಯ ಆ್ಯಪ್ ಕೂಡ ತೆಗೆಯಬೇಡಿ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮಕ್ಕಳು ಹೊರದೇಶದಲ್ಲಿದ್ದರೆ 1930 ಅಲ್ಲಿಂದ ಸಿಗದೆ ಹೋಗಬಹುದು. ಊರಿನಲ್ಲಿರುವ ಯಾರಾದರೂ ಒಬ್ಬರನ್ನು, ಅಳಿಯನೋ ಪಕ್ಕದ ಮನೆಯವರೋ, ಮೊದಲೇ ಗೊತ್ತು ಮಾಡಿಡಿ. ಹಿರಿಯರಿಗೆ ಮನೆಯವರ ಹತ್ತಿರ ಹೇಳಲು ಆಗದಿದ್ದರೆ 14567 ಅನ್ನುವ ಎಲ್ಡರ್‌ಲೈನ್, ಹಿರಿಯರಿಗೆಂದೇ ಇರುವ ಸಹಾಯವಾಣಿ, ಇದೆ.

ಒಂದು ಕಹಿ ಮಾತು ಹೇಳಲೇಬೇಕು. ‘ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ಪೂರ್ತಿ ಹಣ ಕೊಡುತ್ತೆ’ ಎಂದು ಅನೇಕರು ನಂಬಿದ್ದಾರೆ. ರಿಸರ್ವ್ ಬ್ಯಾಂಕಿನ 2017ರ ಆ ನಿಯಮ ಗ್ರಾಹಕರಿಗೆ ಗೊತ್ತಿಲ್ಲದೆ, ಅವರ ಒಪ್ಪಿಗೆ ಇಲ್ಲದೆ ಹೋದ ಹಣಕ್ಕೆ. ತಾವೇ ಚಲನ್ ಬರೆದು ಕಳಿಸಿದ್ದು ಅದರಲ್ಲಿ ಬರುವುದಿಲ್ಲ. ತಡೆಹಿಡಿದ ಹಣ ವಾಪಸ್ ಬರಬೇಕಾದರೂ ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕು. ದೊಡ್ಡಪ್ಪನ ಒಂಬತ್ತು ಲಕ್ಷದಲ್ಲಿ ನಾಲ್ಕನೇ ಖಾತೆಯಲ್ಲಿ ಸಿಕ್ಕಿದ್ದು 1,40,000. ಅದು ಕೈಗೆ ಬರಲು ಎಂಟು ತಿಂಗಳಾಯಿತು. ಉಳಿದದ್ದು ಬರಲಿಲ್ಲ.

ಕರೆಗಳು ಮಾತ್ರ ನಿಂತಿಲ್ಲ. ಹೊಸ ನಂಬರ್, ಹೊಸ ದನಿ. ಒಮ್ಮೆ ಕ್ರಿಪ್ಟೊ, ಒಮ್ಮೆ ಚಿನ್ನ, ಒಮ್ಮೆ ‘ನಿಮ್ಮ ಹಣ ಸಿಕ್ಕಿದೆ’. ದೊಡ್ಡಪ್ಪ ಅವನ್ನೆಲ್ಲ ಡೈರಿಯಲ್ಲಿ ದಿನಾಂಕ ಹಾಕಿ ಬರೆದಿಡುತ್ತಾರೆ. ಅಣ್ಣ ಈಗ ಮಲಗುವ ಮೊದಲು, ಅಂದರೆ ಇಲ್ಲಿಯ ಬೆಳಗ್ಗೆ, ದಿನಾ ಒಂದೈದು ನಿಮಿಷ ಫೋನ್ ಮಾಡುತ್ತಾನೆ. ನಾನು ಮಧ್ಯಾಹ್ನ ಮಾಡುತ್ತೇನೆ.

ಹೋದ ವಾರ ಅವರೇ ಕೇಳಿದರು, ‘ಆ ಕಟ್ಟಡಗಳಲ್ಲಿ ಕೂಡಿಹಾಕಿರೋ ಹುಡುಗರನ್ನ ವಾಪಸ್ ಕರ್ಕೊಂಡು ಬಂದ್ರು ಅಂತ ಹೇಳಿದ್ಯಲ್ಲ, ಆ ವಿಮಾನದಲ್ಲಿ ಹುಡುಗಿಯರೂ ಇದ್ರಂತಾ?’

ಗೊತ್ತಿಲ್ಲ ದೊಡ್ಡಪ್ಪ, ಇದ್ದಿರಬಹುದು ಎಂದೆ.

‘ಹೂಂ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಿನ್ನ ಊಟ ಆಯ್ತಾ?’ ಎಂದು ಕೇಳಿದರು.